ಡೆಸ್ಕ್‌ಟಾಪಿಗೆ ರ‍್ಯಾಮ್ ಕೊಳ್ಳುವ ಮುಂಚೆ ಬೋರ್ಡನ್ನು ಕೇಳಿ

ಬೆಂಗಳೂರಿನವರು ತಪ್ಪು ರ‍್ಯಾಮ್ (ಕಂಪ್ಯೂಟರಿನ ಮೆಮೊರಿ) ತಂದರೆ ಸಂಜೆ ಎಸ್.ಪಿ. ರೋಡಿಗೆ ಹೋಗಿ ಬದಲಾಯಿಸಿಕೊಂಡು ಬರುತ್ತಾರೆ. ಕೊಡಗಿನಲ್ಲಿ ಹಾಗಾಗುವುದಿಲ್ಲ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಈಗ ಓಡುವ ಮಾಲು ಸಿಗುತ್ತದೆ. ಹತ್ತು ವರ್ಷದ ಹಿಂದಿನ ಬೋರ್ಡಿಗೆ (ಮದರ್‌ಬೋರ್ಡಿಗೆ) ಬೇಕಾದದ್ದು ಮೈಸೂರಿನಿಂದ ಬರಬೇಕು, ಇಲ್ಲಾಂದ್ರೆ ಆನ್‌ಲೈನಿನಲ್ಲಿ ತರಿಸಬೇಕು. ಜೋರು ಮಳೆಯಲ್ಲಿ ತೋಟದ ಮನೆಗೆ ಪಾರ್ಸೆಲ್ ಬರುವುದೇ ತಡ. ಅದನ್ನು ವಾಪಸ್ ಒಯ್ಯಲು ಆಳು ಬರುವುದು ಇನ್ನೂ ತಡ. ಹಾಗಾಗಿ ನಮಗೆ ಮೊದಲನೇ ಸಲವೇ ಸರಿಯಾದದ್ದು ಬರಬೇಕು.

ಇದು ಕಷ್ಟದ ಕೆಲಸವಲ್ಲ. ಎಷ್ಟೋ ಜನ ಉಲ್ಟಾ ಕಡೆಯಿಂದ ಶುರು ಮಾಡುತ್ತಾರೆ, ಅಷ್ಟೇ. ಮೊದಲು ಆಫರ್ ನೋಡುತ್ತಾರೆ, ಆಮೇಲೆ ಸ್ಪೀಡು, ಆಮೇಲೆ ಬಣ್ಣದ ಲೈಟು. ಬೋರ್ಡಿನ ಹೆಸರು ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ಯಾವ ರ‍್ಯಾಮ್ ಹಾಕಬಹುದು ಅನ್ನುವುದನ್ನು ತೀರ್ಮಾನ ಮಾಡುವುದು ಬೋರ್ಡ್, ಅದಾದ ಮೇಲೆ ಪ್ರೊಸೆಸರ್. ನಮ್ಮ ಆಸೆಗೆ ಜಾಗ ಕೊನೆಗೆ.

ನಿಜವಾಗಿ ರ‍್ಯಾಮ್ ಬೇಕಾ?

ಕಂಪ್ಯೂಟರ್ ನಿಧಾನ ಆದ ಕೂಡಲೇ ರ‍್ಯಾಮ್ ಮೇಲೆ ತಪ್ಪು ಹೊರಿಸಬೇಡಿ. ದಿನಾ ಮಾಡುವ ಕೆಲಸ ಎಲ್ಲ ತೆರೆದಿಡಿ. ಬಿಲ್ಲಿಂಗ್, ಬ್ರೌಸರ್, ನುಡಿ, ಏನಿದ್ದರೂ ಸರಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರ ಒಳಗೆ ಮೆಮೊರಿ. ಅಲ್ಲಿ ಬಳಕೆ ಸದಾ 85, 90 ಶೇಕಡಾ ಮುಟ್ಟುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. 50ರ ಆಸುಪಾಸಿನಲ್ಲೇ ಇದ್ದು, ಡಿಸ್ಕ್ ಮಾತ್ರ 100 ತೋರಿಸುತ್ತಿದ್ದರೆ ರೋಗ ಬೇರೆ. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮಿಗಿಂತ ಅದರಿಂದಲೇ ಜಾಸ್ತಿ ಉಪಯೋಗ ಆಗುತ್ತದೆ.

ಇನ್ನೊಂದು ವಿಷಯ. ಜೆರಾಕ್ಸ್ ಅಂಗಡಿಗಳಲ್ಲಿ, ತೋಟದ ಆಫೀಸುಗಳಲ್ಲಿ ಈಗಲೂ 32 ಬಿಟ್ ವಿಂಡೋಸ್ ಓಡುತ್ತಿರುವುದುಂಟು. ಹಳೆ ಪ್ರಿಂಟರಿನ ಡ್ರೈವರ್ ಹೋಗುತ್ತದೆ ಅಂತ ಯಾರೂ ಮುಟ್ಟಿರುವುದಿಲ್ಲ. ಅದಕ್ಕೆ ನೀವು 16 ಜಿಬಿ ಹಾಕಿದರೂ ಅದು ಬಳಸುವುದು 4 ಜಿಬಿಯ ಒಳಗೇ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಬೌಟ್ ತೆರೆದು 64 ಬಿಟ್ ಅಂತ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಮೊದಲು ವಿಂಡೋಸ್ ಬದಲಾಯಿಸಬೇಕು.

ಬೋರ್ಡಿನ ಹೆಸರು ಬರೆದುಕೊಳ್ಳಿ

ಸ್ಟಾರ್ಟ್ ಒತ್ತಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿ. ಬರುವ ಪಟ್ಟಿಯಲ್ಲಿ ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನುವ ಸಾಲಿನಲ್ಲಿ ಬೋರ್ಡಿನ ಮಾಡೆಲ್ ಇರುತ್ತದೆ. ಪ್ರೊಸೆಸರ್ ಹೆಸರೂ ಅದೇ ಪಟ್ಟಿಯಲ್ಲಿ ಸಿಗುತ್ತದೆ. ಎರಡನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಉಚಿತವಾಗಿ ಸಿಗುವ ಸಿಪಿಯು-ಝಡ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಈಗ ಇರುವ ಸ್ಟಿಕ್ (ರ‍್ಯಾಮಿನ ಒಂದು ತುಂಡು) ಯಾವುದು, ಬೋರ್ಡಿನಲ್ಲಿ ಅದು ಕೂರುವ ಯಾವ ಸ್ಲಾಟಿನಲ್ಲಿದೆ ಅನ್ನುವುದನ್ನೂ ಅದು ಹೇಳುತ್ತದೆ. ಅದರಲ್ಲಿ ಸ್ಪೀಡ್ 1333 ಅಂತ ಕಂಡರೆ ಗಾಬರಿ ಬೇಡ. ಅದು ಅರ್ಧ ಲೆಕ್ಕ ತೋರಿಸುತ್ತದೆ, ನಿಜವಾಗಿ 2666.

ಕಂಪ್ಯೂಟರ್ ಆನ್ ಆಗುವುದೇ ಇಲ್ಲ ಅಂದ್ರೆ ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆಯಿರಿ. ಪ್ರೊಸೆಸರಿನ ಫ್ಯಾನಿಗೂ ಕೆಳಗಿನ ಕಾರ್ಡ್ ಸ್ಲಾಟುಗಳಿಗೂ ನಡುವೆ ಸಾಮಾನ್ಯವಾಗಿ ಬೋರ್ಡಿನ ಮೇಲೇ ದೊಡ್ಡ ಅಕ್ಷರದಲ್ಲಿ ಮಾಡೆಲ್ ಬರೆದಿರುತ್ತಾರೆ. ಮೂಲೆಯಲ್ಲಿ ರೆವಿಷನ್ ನಂಬರ್ ಇದ್ದರೆ ಅದನ್ನೂ ಬರೆದುಕೊಳ್ಳಿ. ಗಿಗಾಬೈಟ್ ಬೋರ್ಡುಗಳಲ್ಲಿ ಒಂದೇ ಹೆಸರಿಗೆ ಎರಡು ಮೂರು ರೆವಿಷನ್ ಇರುವುದುಂಟು.

ಹೆಸರು ಸಿಕ್ಕಿತಾ? ಕಂಪನಿಯ ವೆಬ್‌ಸೈಟಿಗೆ ಹೋಗಿ ಆ ಮಾಡೆಲಿನ ಸ್ಪೆಸಿಫಿಕೇಶನ್ ಪುಟ ತೆರೆಯಿರಿ. ಮೆಮೊರಿ ಅನ್ನುವ ಕಡೆ ನಾಲ್ಕು ವಿಷಯ ಹುಡುಕಿ. ಯಾವ ಡಿಡಿಆರ್ (ರ‍್ಯಾಮಿನ ತಲೆಮಾರು: 3, 4, 5), ಎಷ್ಟು ಸ್ಲಾಟ್, ಒಟ್ಟು ಎಷ್ಟು ಜಿಬಿ, ಎಷ್ಟು ಸ್ಪೀಡ್. ಇದರ ಜೊತೆ ಕ್ಯೂವಿಎಲ್ ಅಂತ ಒಂದು ಪಟ್ಟಿ ಇರುತ್ತದೆ. ಕಂಪನಿ ತಾನೇ ಹಾಕಿ ಪರೀಕ್ಷೆ ಮಾಡಿದ ಸ್ಟಿಕ್ಕುಗಳ ಪಟ್ಟಿ ಅದು. ಅದರಲ್ಲಿ ಇರುವ ಮಾಡೆಲೇ ಸಿಕ್ಕರೆ ಸಂತೋಷ. ಇಲ್ಲದಿದ್ದರೆ ನಡೆಯುವುದಿಲ್ಲ ಅಂತ ಅಲ್ಲ. ಡಿಡಿಆರ್5ನಲ್ಲಿ ಜಾಸ್ತಿ ಸ್ಪೀಡಿನ ಕಿಟ್ ತೆಗೆದುಕೊಳ್ಳುವವರು ಮಾತ್ರ ಈ ಪಟ್ಟಿ ನೋಡದೆ ದುಡ್ಡು ಕೊಡಬೇಡಿ.

ಯಾವ ಡಿಡಿಆರ್?

ಇಲ್ಲಿ ಹೊಂದಾಣಿಕೆ ಅನ್ನುವ ಮಾತೇ ಇಲ್ಲ. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರುವುದಿಲ್ಲ. ಸ್ಟಿಕ್ಕಿನ ಕೆಳಗಿನ ಅಂಚಿನಲ್ಲಿರುವ ಕಚ್ಚು ಒಂದೊಂದರಲ್ಲಿ ಒಂದೊಂದು ಜಾಗದಲ್ಲಿರುತ್ತದೆ. ಡಿಡಿಆರ್3ಕ್ಕೆ 240 ಪಿನ್. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ 288 ಪಿನ್, ಆದರೆ ಕಚ್ಚಿನ ಜಾಗ ಬೇರೆ. ವೋಲ್ಟೇಜೂ ಬೇರೆ. ಡಿಡಿಆರ್3 ನಡೆಯುವುದು 1.5 ವೋಲ್ಟಿನಲ್ಲಿ, ಡಿಡಿಆರ್4 1.2ರಲ್ಲಿ, ಡಿಡಿಆರ್5 1.1ರಲ್ಲಿ. ಕೂರುತ್ತಿಲ್ಲ ಅಂತ ಬಲ ಹಾಕಿ ಒತ್ತಿದರೆ ಹೋಗುವುದು ನಿಮ್ಮ ಬೋರ್ಡು.

ಇಂಟೆಲ್ ಪ್ರೊಸೆಸರ್ ಇದ್ದವರಿಗೆ ಲೆಕ್ಕ ಹೀಗೆ (ಎಚ್61 ತರದ ಸಂಖ್ಯೆ ಸಾಮಾನ್ಯವಾಗಿ ಬೋರ್ಡಿನ ಹೆಸರಿನಲ್ಲೇ ಇರುತ್ತದೆ). ಎಚ್61, ಬಿ75, ಎಚ್81, ಬಿ85 ಬೋರ್ಡುಗಳು, ಅಂದರೆ 2ರಿಂದ 4ನೇ ಜನರೇಶನ್ ಪ್ರೊಸೆಸರಿನವು, ಎಲ್ಲ ಡಿಡಿಆರ್3. ಎಚ್110ರಿಂದ ಮುಂದೆ, 6ನೇ ಜನರೇಶನ್‌ನಿಂದ 11ರವರೆಗೆ, ಹೆಚ್ಚುಕಮ್ಮಿ ಎಲ್ಲ ಡಿಡಿಆರ್4. 6, 7ನೇ ಜನರೇಶನ್‌ನ ಕೆಲವು ಬೋರ್ಡುಗಳು ಮಾತ್ರ ಡಿಡಿಆರ್3ರಲ್ಲೂ ಬಂದಿದ್ದವು. ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪುಗಳಿಗೆ ಡಿಡಿಆರ್5 ಮಾತ್ರ.

ಜನ ಎಡವುವುದು ನಡುವೆ ಬರುವ 12, 13, 14ನೇ ಜನರೇಶನ್‌ನಲ್ಲಿ. ಪ್ರೊಸೆಸರಿಗೆ ಡಿಡಿಆರ್4 ಆದರೂ ಆಗುತ್ತದೆ, ಡಿಡಿಆರ್5 ಆದರೂ ಆಗುತ್ತದೆ. ಬೋರ್ಡು ಮಾತ್ರ ಎರಡರಲ್ಲಿ ಒಂದನ್ನೇ ತೆಗೆದುಕೊಳ್ಳುತ್ತದೆ. ಎಚ್610, ಬಿ660, ಬಿ760 ಮೂರೂ ಎರಡೂ ಬಗೆಯಲ್ಲಿ ಮಾರಾಟವಾಗಿವೆ. ಹೆಸರಿನ ಕೊನೆಯಲ್ಲಿ ಡಿ4 ಅಂತ ಇದ್ದರೆ ಸಾಮಾನ್ಯವಾಗಿ ಡಿಡಿಆರ್4. ‘ನನ್ನದು ಬಿ760’ ಅಂತ ಅಂಗಡಿಯವರಿಗೆ ಹೇಳಿದರೆ ಸಾಲದು, ಬಾಲ ಸಮೇತ ಪೂರ್ತಿ ಹೆಸರು ಹೇಳಬೇಕು.

ಎಎಂಡಿಯವರಿಗೆ ಈ ತಲೆನೋವಿಲ್ಲ. ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5 ಬೋರ್ಡಿಗೆ ಡಿಡಿಆರ್5. ಮುಗಿಯಿತು.

ಲೇಬಲ್ ಓದುವುದು

ಹಳೆ ಸ್ಟಿಕ್ ತೆಗೆದು ಅದರ ಮೇಲಿನ ಬಿಳಿ ಚೀಟಿ ನೋಡಿ. ಜಾಹೀರಾತಿನಲ್ಲಿ ಏನು ಬೇಕಾದರೂ ಬರೆದಿರಲಿ, ನಾನು ನಂಬುವುದು ಈ ಚೀಟಿಯನ್ನು. ಒಂದು ಸ್ಟಿಕ್ಕಿನ ಮೇಲೆ ಹೀಗಿರುತ್ತದೆ ಅಂದುಕೊಳ್ಳಿ: ‘8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯುಎ2-11’. ಚೀಟಿಯ ಮೇಲೆ ಇದೇ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ.

8ಜಿಬಿ ಗೊತ್ತೇ ಇದೆ. 1ಆರ್ ಅಂದರೆ ಒಂದು ರ‍್ಯಾಂಕ್, ಎಕ್ಸ್8 ಅಂದರೆ ಒಂದೊಂದು ಚಿಪ್ಪೂ 8 ಬಿಟ್ಟಿನದು. ರ‍್ಯಾಂಕ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಗುಂಪು. ಒಂದು ಗುಂಪಿಗೆ ಒಟ್ಟು 64 ಬಿಟ್ ಬೇಕು, ಹಾಗಾಗಿ ಎಂಟು ಚಿಪ್. 2ಆರ್‌ಎಕ್ಸ್8 ಇದ್ದರೆ ಹದಿನಾರು. ಪಿಸಿ4 ಅಂದರೆ ಡಿಡಿಆರ್4. ಪಿಸಿ3 ಇದ್ದರೆ ಡಿಡಿಆರ್3. ಪಿಸಿ3ಎಲ್ ಇದ್ದರೆ 1.35 ವೋಲ್ಟಿನ ಕಮ್ಮಿ ಕರೆಂಟಿನದು, ಅದು ಮಾಮೂಲಿ ಡಿಡಿಆರ್3 ಬೋರ್ಡಿನಲ್ಲೂ ನಡೆಯುತ್ತದೆ. 2666 ಸ್ಪೀಡು. ಡಿಡಿಆರ್3 ಚೀಟಿಯಲ್ಲಿ ಸ್ಪೀಡಿನ ಬದಲು 12800 ಅಂತ ದೊಡ್ಡ ಸಂಖ್ಯೆ ಇರುತ್ತದೆ. ಅದನ್ನು 8ರಿಂದ ಭಾಗಿಸಿ, 1600 ಬರುತ್ತದೆ.

ಈಗ ಮುಖ್ಯ ಅಕ್ಷರ. ಸ್ಪೀಡಿನ ನಂತರ ಬರುವ ‘ಯು’. ಯು ಇದ್ದರೆ ಮಾಮೂಲಿ ಡೆಸ್ಕ್‌ಟಾಪಿನದು. ‘ಎಸ್’ ಇದ್ದರೆ ಲ್ಯಾಪ್‌ಟಾಪಿನದು. ‘ಆರ್’ ಇದ್ದರೆ ಸರ್ವರಿನದು. ಈ ಆರ್ ಮಾಲು ಆನ್‌ಲೈನಿನಲ್ಲಿ ಆಸೆ ಹುಟ್ಟಿಸುವ ಬೆಲೆಗೆ ಸಿಗುತ್ತದೆ. ದೊಡ್ಡ ಕಂಪನಿಗಳು ಬಿಸಾಡಿದ ಸರ್ವರುಗಳಿಂದ ಕಿತ್ತದ್ದು. ನೋಡಲು ಡೆಸ್ಕ್‌ಟಾಪ್ ರ‍್ಯಾಮ್ ಹಾಗೇ ಇರುತ್ತದೆ, ಡಿಡಿಆರ್3, ಡಿಡಿಆರ್4 ಆದರೆ ಸ್ಲಾಟಿನಲ್ಲೂ ಕೂರುತ್ತದೆ. ಮಾಮೂಲಿ ಬೋರ್ಡಿನಲ್ಲಿ ಕಂಪ್ಯೂಟರ್ ಮಾತ್ರ ಏಳುವುದಿಲ್ಲ. ಜಾಹೀರಾತಿನಲ್ಲಿ ಇಸಿಸಿ ರೆಜಿಸ್ಟರ್ಡ್ ಅಂತ ಸಣ್ಣಗೆ ಬರೆದಿದ್ದರೂ ಅದೇ.

ಹಾಗೇ ‘ಎಎಂಡಿಗೆ ಮಾತ್ರ’ ಅಂತ ಬರೆದ ಅಗ್ಗದ ಡಿಡಿಆರ್3 ಸ್ಟಿಕ್ಕುಗಳು. ಬರೆದದ್ದು ಸುಮ್ನೆ ಅಲ್ಲ. ಅವು ಇಂಟೆಲ್ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ತಂದವರು ಸ್ವಲ್ಪ ಹುಷಾರು. ಹೋಮ್‌ಸ್ಟೇ ಕೌಂಟರಿಗೆ ಜಾಗ ಕಮ್ಮಿ ಸಾಕು ಅಂತ ಪುಸ್ತಕದ ಗಾತ್ರದ ಪುಟ್ಟ ಡೆಸ್ಕ್‌ಟಾಪ್ ಈಗ ಬಹಳ ಜನ ತರುತ್ತಿದ್ದಾರೆ. ಅದರ ಹೆಸರು ಡೆಸ್ಕ್‌ಟಾಪ್, ಒಳಗೆ ಇರುವುದು ಲ್ಯಾಪ್‌ಟಾಪ್ ರ‍್ಯಾಮ್. ಸ್ಕ್ರೀನಿನ ಹಿಂದೆಯೇ ಎಲ್ಲ ಇರುವ ಆಲ್-ಇನ್-ಒನ್ ಕೂಡ ಹೆಚ್ಚಿನವು ಹಾಗೇ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಫಾರ್ಮ್ ಫ್ಯಾಕ್ಟರ್ ಅನ್ನುವ ಸಾಲು ನೋಡಿ. ಡಿಐಎಂಎಂ ಇದ್ದರೆ ಉದ್ದದ್ದು, ಎಸ್‌ಒಡಿಐಎಂಎಂ ಇದ್ದರೆ ಗಿಡ್ಡದ್ದು.

ಎಷ್ಟು ಜಿಬಿ, ಎಷ್ಟು ಸ್ಟಿಕ್

ತೋಟದ ರೈಟರು ಮಸ್ಟರ್ ರೋಲ್, ಸಂಬಳದ ಲೆಕ್ಕ ಬರೆಯುವ ಕಂಪ್ಯೂಟರಿಗೆ 8 ಜಿಬಿ ಸಾಕು. ಬ್ರೌಸರಿನಲ್ಲಿ ಬುಕಿಂಗ್, ವಾಟ್ಸಾಪ್, ಮೇಲ್ ಎಲ್ಲ ದಿನವಿಡೀ ತೆರೆದಿಡುವ ಹೋಮ್‌ಸ್ಟೇಗೆ 16. ಮದುವೆ ವಿಡಿಯೊ, ಫೋಟೊ ಎಡಿಟಿಂಗ್ ಮಾಡುವವರಿಗೆ 32. ಇದಕ್ಕಿಂತ ಜಾಸ್ತಿ ಬೇಕಾದವರಿಗೆ ಈ ಲೇಖನದ ಅಗತ್ಯವಿಲ್ಲ.

ಬೋರ್ಡಿಗೆ ಒಟ್ಟು ಮಿತಿ ಇದ್ದೇ ಇರುತ್ತದೆ. ಎರಡು ಸ್ಲಾಟಿನ ಎಚ್61, ಎಚ್81 ಬೋರ್ಡುಗಳಿಗೆ 16 ಜಿಬಿ, ಎಚ್110ಕ್ಕೆ 32. ಒಟ್ಟು ಮಿತಿಯನ್ನು ಸ್ಲಾಟಿನ ಲೆಕ್ಕದಿಂದ ಭಾಗಿಸಿದರೆ ಒಂದು ಸ್ಲಾಟಿಗೆ ಎಷ್ಟು ಅಂತ ತಿಳಿಯುತ್ತದೆ. 16 ಜಿಬಿ ಮಿತಿ ಇರುವ ಎರಡು ಸ್ಲಾಟಿನ ಬೋರ್ಡಿಗೆ ಒಂದೇ 16 ಜಿಬಿ ಸ್ಟಿಕ್ ತಂದರೆ ಅದು ಒಪ್ಪುವುದಿಲ್ಲ. 8ರದ್ದು ಎರಡು ಬೇಕು.

ಡಿಡಿಆರ್3 ಇಂಟೆಲ್ ಬೋರ್ಡಿನವರಿಗೆ ಇನ್ನೊಂದು ಗುಟ್ಟು. 8 ಜಿಬಿ ಸ್ಟಿಕ್ ಕೊಳ್ಳುವಾಗ ಎರಡೂ ಬದಿ ಎಂಟೆಂಟು, ಒಟ್ಟು ಹದಿನಾರು ಚಿಪ್ ಇರುವ 2ಆರ್‌ಎಕ್ಸ್8 ಸ್ಟಿಕ್ಕನ್ನೇ ಕೇಳಿ. ಎಂಟೇ ಚಿಪ್ಪಿನಲ್ಲಿ 8 ಜಿಬಿ ತುಂಬಿದ ಸ್ಟಿಕ್ಕನ್ನು ಆ ಕಾಲದ ಪ್ರೊಸೆಸರುಗಳು ಗುರುತಿಸುವುದಿಲ್ಲ. ಅಂಗಡಿಗೆ ಫೋನ್ ಮಾಡುವಾಗ ‘8 ಜಿಬಿ ರ‍್ಯಾಮ್ ಇದೆಯಾ ಅಣ್ಣಾ’ ಅಂತ ಕೇಳಬೇಡಿ. ‘ಎಚ್81 ಬೋರ್ಡಿಗೆ, ಡೆಸ್ಕ್‌ಟಾಪ್ ಡಿಡಿಆರ್3 1600, 8 ಜಿಬಿ ಒಂದು, ಹದಿನಾರು ಚಿಪ್ಪಿಂದು ಇದೆಯಾ?’ ಅಂತ ಕೇಳಿ. ಇಷ್ಟು ಹೇಳಿದರೆ ಅವರೂ ಡಬ್ಬ ತೆಗೆದು ನೋಡಿಯೇ ಉತ್ತರ ಕೊಡುತ್ತಾರೆ.

16 ಜಿಬಿ ಬೇಕು ಅಂದ್ರೆ 16ರದ್ದು ಒಂದಕ್ಕಿಂತ 8ರದ್ದು ಎರಡು ಒಳ್ಳೆಯದು. ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೆ ಡೇಟಾ ಎಳೆಯುತ್ತದೆ. ಇದಕ್ಕೆ ಡ್ಯುಯಲ್ ಚಾನೆಲ್ ಅನ್ನುತ್ತಾರೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ರೈಜನ್ 5600ಜಿ ತರದ ಪ್ರೊಸೆಸರ್ ಇದ್ದವರಿಗೆ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಳೆ 4 ಜಿಬಿಯ ಪಕ್ಕ ಹೊಸ 8 ಜಿಬಿ ಹಾಕಬಹುದಾ? ಡಿಡಿಆರ್ ಒಂದೇ ಆಗಿದ್ದರೆ ಬಹುಮಟ್ಟಿಗೆ ನಡೆಯುತ್ತದೆ. ಎರಡೂ ನಿಧಾನದ ಸ್ಟಿಕ್ಕಿನ ಸ್ಪೀಡಿಗೆ ಇಳಿದು ಓಡುತ್ತವೆ. ಇಂಟೆಲ್ ಬೋರ್ಡುಗಳಲ್ಲಿ ಹಳೆಯ 4 ಮತ್ತು ಹೊಸ 8ರಲ್ಲಿ 4 ಜೋಡಿಯಾಗಿ, ಉಳಿದ 4 ಒಂಟಿಯಾಗಿ ಕೆಲಸ ಮಾಡುತ್ತದೆ. ಕಚೇರಿ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಆದರೆ ಗ್ಯಾರಂಟಿ ಯಾರೂ ಕೊಡುವುದಿಲ್ಲ. ಹೊಸ ಬೋರ್ಡಿಗೆ ಮಾತ್ರ ಒಂದೇ ಪ್ಯಾಕಿನಲ್ಲಿ ಬರುವ ಜೋಡಿಯನ್ನೇ ತೆಗೆದುಕೊಳ್ಳಿ. ಎಎಂ5ನಲ್ಲಿ ನಾಲ್ಕೂ ಸ್ಲಾಟ್ ತುಂಬಿಸಿದರೆ ಸ್ಪೀಡು ಬಹಳ ಇಳಿಯುತ್ತದೆ. ಅಲ್ಲಿ ಎರಡು ದೊಡ್ಡ ಸ್ಟಿಕ್ಕೇ ಮೇಲು.

ಸ್ಪೀಡಿನ ಮೋಹ

ಐ3 8100ಕ್ಕೆ ಇಂಟೆಲ್ ಹೇಳಿರುವ ಸ್ಪೀಡು 2400. ಅದಕ್ಕೆ 3200ರ ಸ್ಟಿಕ್ ಹಾಕಿದರೆ ಎಚ್310 ಬೋರ್ಡಿನಲ್ಲಿ ಅದು 2400ಕ್ಕೇ ಓಡುತ್ತದೆ. ಕೆಡುವುದೇನಿಲ್ಲ, ಲಾಭವೂ ಇಲ್ಲ. ಇಂದು 3200ರದ್ದೇ ಸುಲಭವಾಗಿ ಸಿಗುವುದರಿಂದ ಅದನ್ನೇ ತನ್ನಿ, ಆದರೆ ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. 12ನೇ ಜನರೇಶನ್ ಐ5 12400ಕ್ಕೆ ಡಿಡಿಆರ್4 ಆದರೆ 3200, ಡಿಡಿಆರ್5 ಆದರೆ 4800.

3600, 6000 ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದ ಸ್ಟಿಕ್ ಹಾಕಿದ ಕೂಡಲೇ ಆ ಸ್ಪೀಡು ಬರುವುದಿಲ್ಲ. ಬಯೋಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ ಪುಟ) ಹೋಗಿ ಇಂಟೆಲ್‌ನಲ್ಲಿ ಎಕ್ಸ್‌ಎಂಪಿ, ಎಎಂ5ನಲ್ಲಿ ಎಕ್ಸ್‌ಪೋ ಆನ್ ಮಾಡಬೇಕು. ಅಗ್ಗದ ಬೋರ್ಡುಗಳಲ್ಲಿ, ಕಂಪನಿ ಜೋಡಿಸಿದ ಆಫೀಸ್ ಕಂಪ್ಯೂಟರುಗಳಲ್ಲಿ ಆ ಆಯ್ಕೆಯೇ ಇಲ್ಲದಿರಬಹುದು.

2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿತು. ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಬಾಚಿಕೊಂಡದ್ದು ಅದಕ್ಕೆ ದೊಡ್ಡ ಕಾರಣ. ಹಾಗಾಗಿ ಇಲ್ಲಿ ಬೆಲೆ ಬರೆದರೆ ನೀವು ಓದುವಷ್ಟರಲ್ಲಿ ಸುಳ್ಳಾಗುತ್ತದೆ. ಕೊಳ್ಳುವ ದಿನ ಎರಡು ಮೂರು ಕಡೆ ವಿಚಾರಿಸಿ. ಬಿಲ್ಲಿನಲ್ಲಿ ಸ್ಟಿಕ್ಕಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಅದೇ ಕೆಲಸಕ್ಕೆ ಬರುವುದು. ಊರಿನ ಅಂಗಡಿಯಲ್ಲಿ ನೂರಿನ್ನೂರು ಜಾಸ್ತಿಯಾದರೂ ವಾರಂಟಿಗೆ ಅವರೇ ಕಳಿಸಿಕೊಡುತ್ತಾರೆ ಅಂದ್ರೆ ನಾನಾದರೆ ಅಲ್ಲೇ ಕೊಳ್ಳುತ್ತೇನೆ.

ಹಾಕುವುದು

ಕಂಪ್ಯೂಟರ್ ಆಫ್ ಮಾಡಿ, ಯುಪಿಎಸ್‌ನಿಂದ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣ ಮುಟ್ಟಿ, ಆಮೇಲೆ ಸ್ಟಿಕ್ ಮುಟ್ಟಿ. ಅಂಚು ಹಿಡಿಯಿರಿ, ಚಿನ್ನದ ಬಣ್ಣದ ಪಿನ್ನುಗಳ ಮೇಲೆ ಬೆರಳು ಬೇಡ.

ನಾಲ್ಕು ಸ್ಲಾಟ್ ಇದ್ದು ಎರಡು ಸ್ಟಿಕ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು, ನಾಲ್ಕನೇದು. ಬೋರ್ಡಿನ ಪುಸ್ತಕದಲ್ಲಿ ಇರುತ್ತದೆ, ಒಮ್ಮೆ ನೋಡಿಕೊಳ್ಳಿ. ಕಚ್ಚು ಸರಿಯಾಗಿ ಕೂರಿಸಿ ಎರಡೂ ತುದಿ ಒತ್ತಿ. ಟಕ್ ಅಂತ ಸದ್ದು ಬಂದು ಕ್ಲಿಪ್ ತಾನೇ ಮುಚ್ಚಿಕೊಳ್ಳಬೇಕು. ಕೆಲವು ಬೋರ್ಡಿನಲ್ಲಿ ಒಂದೇ ಬದಿಗೆ ಕ್ಲಿಪ್ ಇರುತ್ತದೆ. ಆ ಇನ್ನೊಂದು ಬದಿ ಅರ್ಧ ಕೂತಿರುವುದು ಬೇಗ ಗೊತ್ತಾಗುವುದಿಲ್ಲ, ಬಗ್ಗಿ ನೋಡಿ.

ಆನ್ ಮಾಡಿದ ಮೇಲೆ ಸ್ಕ್ರೀನ್ ಬರಲಿಲ್ಲವೇ? ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಬೋರ್ಡು ಹೊಸ ರ‍್ಯಾಮಿಗೆ ಹೊಂದಿಕೊಳ್ಳುತ್ತಿರುತ್ತದೆ, ಆಫ್ ಮಾಡಬೇಡಿ. ಉಳಿದವರು ಒಂದೊಂದೇ ಸ್ಟಿಕ್ ಹಾಕಿ ನೋಡಿ. ಆಗಲೂ ಬರದಿದ್ದರೆ ವೈರ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಹಳೆಯ ಕಂಪ್ಯೂಟರ್ ಆದರೆ ಆ ಬ್ಯಾಟರಿಯನ್ನೇ ಹೊಸದು ಹಾಕುವುದು ವಾಸಿ. ಮರ ಬಿದ್ದು ಎರಡು ದಿನ ಕರೆಂಟ್ ಹೋದಾಗ ಸತ್ತ ಬ್ಯಾಟರಿಯ ಬೋರ್ಡು ತಾರೀಕನ್ನೂ ಮರೆಯುತ್ತದೆ, ನೀವು ಮಾಡಿಟ್ಟ ಎಕ್ಸ್‌ಎಂಪಿಯನ್ನೂ ಮರೆಯುತ್ತದೆ.

ನಮ್ಮ ಮಳೆಗೆ

ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುವ ಮಡಿಕೇರಿಯಂಥ ಕಡೆ ರ‍್ಯಾಮ್ ‘ಹೋಗಿದೆ’ ಅಂತ ತಿಳಿದು ಹೊಸದು ತರುವ ಮುಂಚೆ ಒಂದು ಕೆಲಸ ಮಾಡಿ. ಆಷಾಢದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರ್ ಆನ್ ಮಾಡಿದಾಗ ಬೀಪ್ ಬೀಪ್ ಅಂದು ಸ್ಕ್ರೀನ್ ಬರದಿರುವುದು ಇಲ್ಲಿ ಮಾಮೂಲು. ಎಷ್ಟೋ ಸಲ ಸ್ಟಿಕ್ ಸರಿಯಾಗಿಯೇ ಇರುತ್ತದೆ, ಪಿನ್ನಿನ ಮೇಲೆ ತೇವ, ಕಿಲುಬು ಕೂತಿರುತ್ತದೆ. ಸ್ಟಿಕ್ ತೆಗೆದು ಮೆತ್ತನೆಯ ಬಿಳಿ ರಬ್ಬರಿನಿಂದ ಪಿನ್ನುಗಳನ್ನು ಹಗುರವಾಗಿ ಒರೆಸಿ. ರಬ್ಬರಿನ ಪುಡಿ ಸ್ಲಾಟಿನ ಒಳಗೆ ಬೀಳದ ಹಾಗೆ ದೂರದಲ್ಲಿ ಮಾಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಬಟ್ಟೆಗೆ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಸ್ಯಾಂಡ್‌ಪೇಪರ್ ಬೇಡ, ಸೀಮೆಎಣ್ಣೆ ಬೇಡ.

ಮುಚ್ಚಳ ತೆಗೆದಾಗಲೇ ಸ್ಲಾಟುಗಳನ್ನು ಟಾರ್ಚ್ ಹಾಕಿ ನೋಡಿ. ಖಾಲಿ ಸ್ಲಾಟಿನ ಉದ್ದಕ್ಕೂ ಇರುವೆ ಮಣ್ಣು ತುಂಬಿರುವುದು, ಮೂಲೆಯಲ್ಲಿ ಹಲ್ಲಿ ಮೊಟ್ಟೆ ಇರುವುದು ತೋಟದ ಮನೆಗಳಲ್ಲಿ ಹೊಸದಲ್ಲ. ಮೆತ್ತನೆ ಬ್ರಷ್‌ನಿಂದ ತೆಗೆಯಿರಿ, ಪಿನ್ನು ಹಾಕಿ ಕೆದಕಬೇಡಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಆನ್ ಮಾಡಿಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ತೆಗೆದ ಹಳೆ ಸ್ಟಿಕ್ಕನ್ನು ಹೊಸದರ ಪ್ಯಾಕಿನಲ್ಲೇ ಸಿಲಿಕಾ ಜೆಲ್ ಚೀಟಿಯ ಜೊತೆ ಹಾಕಿಡಿ. ಮುಂದೆ ಸ್ಕ್ರೀನ್ ಬರದಿದ್ದಾಗ ತಪ್ಪು ಯಾವುದರದ್ದು ಅಂತ ಪರೀಕ್ಷೆ ಮಾಡಲು ಬೇಕಾಗುತ್ತದೆ.

ಹೊಸ ಸ್ಟಿಕ್ ಹಾಕಿದ ದಿನವೇ ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ಓಡಿಸಿ. ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವಿಗೆ ಹಾಕಿ ರಾತ್ರಿ ಬಿಟ್ಟು ಮಲಗಿ, ಯುಪಿಎಸ್ ಇದ್ದರೆ ಮಾತ್ರ. ಬೆಳಗ್ಗೆ ಒಂದೇ ಒಂದು ಎರರ್ ಕಂಡರೂ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ ಓಡಿಸಿ. ಆಗಲೂ ಬಂದರೆ ಸ್ಟಿಕ್ಕುಗಳನ್ನು ಒಂದೊಂದಾಗಿ ಹಾಕಿ, ಯಾವುದರದ್ದು ಅಂತ ಹಿಡಿದು, ವಾಪಸ್ ಮಾಡುವ ದಿನ ಮುಗಿಯುವ ಮೊದಲೇ ಕಳಿಸಿಬಿಡಿ. ಜೋಡಿ ಪ್ಯಾಕ್ ಆಗಿದ್ದರೆ ಎರಡನ್ನೂ ಒಟ್ಟಿಗೆ ಕಳಿಸಬೇಕು.